ಒಪ್ಪಿಗೆ ಕೇಳಿ ಸಾಯಿಸುವವಳು

ಕನ್ನಡಕ ಮತ್ತೆ ಎಡಕ್ಕೆ ವಾಲಿತು. ಮಗಳು ಅದನ್ನು ಅಮ್ಮನ ಮುಖದಿಂದ ತೆಗೆದು, ಕಡ್ಡಿಯನ್ನು ಹೆಬ್ಬೆರಳಲ್ಲಿ ಸ್ವಲ್ಪ ಬಗ್ಗಿಸಿ, ಮತ್ತೆ ಹಾಕಿದಳು. ಕನ್ನಡಕದ ಅಂಗಡಿ ಇಟ್ಟು ಇಷ್ಟು ವರ್ಷವಾದರೂ ಮಲಗಿದವರಿಗೆ ಕನ್ನಡಕ ಕೂರಿಸಿದ್ದು ಇದೇ ಮೊದಲು. ಗಿರಾಕಿಗಳೆಲ್ಲ ನೆಟ್ಟಗೆ ಕೂತಿರುತ್ತಾರೆ. ಕೊನೆಗೆ ಚೌಕಟ್ಟನ್ನು ಎರಡು ಬೆರಳಲ್ಲಿ ಹಿಡಿದು ಮೂಗಿನ ಮೇಲಕ್ಕೆ ಮೆಲ್ಲಗೆ ಒತ್ತಿದಳು.

ಹಿಂದೆ ನಿಂತಿದ್ದ ಟೈಲರಮ್ಮ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ಅಳುವೋ ನಗುವೋ ತಿಳಿಯಲಿಲ್ಲ. ನಗುವೇ ಇರಬೇಕು. ಆ ಎರಡು ಬೆರಳಿನ ಕತೆ ಬೀದಿಗೆಲ್ಲ ಗೊತ್ತು.

"ಸರಿಯಾಯ್ತು, ಬಿಡಮ್ಮ," ಅಂದರು ಟೈಲರಮ್ಮ. "ಈಗ ಥೇಟ್ ಬರೆಯೋಕೆ ಕೂತಾಗ ಇರ್ತಿದ್ರಲ್ಲ, ಹಾಗೇ ಇದ್ದಾರೆ."

ಶವವಾಹನ ಬರುವುದಕ್ಕೆ ಇನ್ನೂ ಹೊತ್ತಿತ್ತು. ಕೂತವರು ಎಷ್ಟು ಹೊತ್ತೆಂದು ಸುಮ್ಮನಿದ್ದಾರು? ಔಷಧಿ ಅಂಗಡಿಯವರು ಗಂಟಲು ಸರಿಮಾಡಿಕೊಂಡರು.

"ನಾನು ಹೋಗಿದ್ದು ಇವರ ಎರಡನೇ ಪುಸ್ತಕದಲ್ಲಿ. ವಿಷ ಹಾಕ್ಲಾ ಅಂತ ಕೇಳಿದ್ರು. ಬೇಡಮ್ಮ, ಔಷಧಿ ಅಂಗಡಿಯವನೇ ವಿಷ ಕುಡಿದು ಸತ್ತ ಅಂದ್ರೆ ನಾಳೆ ಮಾತ್ರೆ ತಗೊಳ್ಳೋಕೆ ಯಾರು ಬರ್ತಾರೆ ಅಂದೆ. ಪಾಪ, ಮೆಟ್ಟಿಲಿಂದ ತಳ್ಳಿಸಿದ್ರು."

"ನನಗೆ ಅಳತೆ ಟೇಪು, ಕುತ್ತಿಗೆಗೆ," ಅಂದರು ಟೈಲರಮ್ಮ. "ಸಾಯೋವಾಗ ಮೈಮೇಲೆ ನಾನೇ ಹೊಲಿದ ಹಸಿರು ಕೋಟು ಇರಬೇಕು ಅಂದಿದ್ದೆ. ಮರೀದೆ ಹಾಕಿದ್ರು. ಅದನ್ನ ಓದಿ ಎಷ್ಟು ಜನ ಅಂಥದ್ದೇ ಕೋಟು ಹೊಲಿಸಿಕೊಂಡ್ರು ಗೊತ್ತಾ?"

ನಿವೃತ್ತ ಗಣಿತದ ಮೇಷ್ಟ್ರು ತಮ್ಮ ಸರದಿಗೆ ಕಾದಿದ್ದರು. "ನನ್ನ ಹೆಣದ ಪಕ್ಕದ ಬೋರ್ಡಲ್ಲಿ ಲೆಕ್ಕ ಮಾತ್ರ ತಪ್ಪಿರಬಾರದು ಅಂತ ನನ್ನ ಷರತ್ತು. ನನ್ನ ಹತ್ತಿರಾನೇ ಬಂದು ತಿದ್ದಿಸಿಕೊಂಡು ಹೋದ್ರು."

ಬೇರೆ ಊರಿನಿಂದ ಬೆಳಿಗ್ಗೆಯಷ್ಟೇ ಬಂದಿದ್ದ ಚಿಕ್ಕಮ್ಮನಿಗೆ ಪುಸ್ತಕದ ವಾಸನೆ ಆಗದು. ಆದರೂ ಮಾತು ಅವರಿಗೆ ರುಚಿಸಿತು. "ನಮ್ಮಕ್ಕ ನಿನ್ನನ್ನ ಯಾವುದರಲ್ಲಿ ಸಾಯಿಸಿದ್ಲೇ?" ಎಂದು ಮಗಳನ್ನು ಕೇಳಿಯೇಬಿಟ್ಟರು.

ಮೇಷ್ಟ್ರು ಕಿಟಕಿಯ ಕಡೆ ನೋಡಿದರು. ಟೈಲರಮ್ಮ ಕರವಸ್ತ್ರ ಮಡಚತೊಡಗಿದರು.

"ನನ್ನನ್ನ ಸಾಯಿಸಿಲ್ಲ ಚಿಕ್ಕಮ್ಮ," ಅಂದಳು ಮಗಳು. ನೀರು ತರುತ್ತೇನೆಂದು ಒಳಗೆ ಹೋದಳು. ಯಾರೂ ನೀರು ಕೇಳಿರಲಿಲ್ಲ.

*

ಅಮ್ಮ ಕೆಲಸ ಮಾಡಿದ್ದು ಬಸ್ ನಿಲ್ದಾಣದಲ್ಲಿ, ಪ್ರಯಾಣಿಕರು ಬಿಟ್ಟುಹೋದ ಸಾಮಾನು ಇಡುವ ಕೋಣೆಯಲ್ಲಿ. ಕೊಡೆ, ಊಟದ ಡಬ್ಬಿ, ಒಂಟಿ ಚಪ್ಪಲಿ, ಒಂದು ಸಲ ಹಲ್ಲಿನ ಸೆಟ್ಟು. ಚೀಲದೊಳಗೆ ಇಣುಕಿ ಅದರ ಒಡೆಯರು ಹೇಗಿರಬಹುದೆಂದು ಊಹಿಸುವುದು ಅವಳ ಹೊತ್ತು ಕಳೆಯುವ ಆಟ. ಕುಸ್ತಿ ಪೈಲ್ವಾನನ ಚೀಲ ಎಂದು ಸಾರಿದರೆ, ತಗೊಂಡು ಹೋಗಲು ಒಬ್ಬ ಸಣಕಲು ಸಂಗೀತದ ಮೇಡಂ ಬರುತ್ತಿದ್ದರು. ಅದಕ್ಕೆಲ್ಲ ಅಮ್ಮ ಎದೆಗುಂದುವವಳಲ್ಲ.

ನಿವೃತ್ತಿಯಾದ ಮೇಲೆ ಇಣುಕಲು ಚೀಲಗಳಿಲ್ಲದೆ ಕೈಕಟ್ಟಿ ಹಾಕಿದಂತಾಗಿ, ಅಡುಗೆಮನೆಯ ಮೇಜಿನ ಮೇಲೆ ಕೊಲೆ ಮಾಡಲು ಶುರುಮಾಡಿದಳು. ಅವಳ ಕೊಲೆಗಳಲ್ಲಿ ರಕ್ತ ಕಡಿಮೆ, ಚಹಾ ಜಾಸ್ತಿ. ಇಸ್ತ್ರಿ ಅಂಗಡಿಯ ಮುದುಕಿಯೊಬ್ಬಳು ಅಂಗಿಯ ಕಲೆ ನೋಡಿ ಕೊಲೆಗಾರರನ್ನು ಹಿಡಿಯುತ್ತಿದ್ದಳು. ಜನ ಮುಗಿಬಿದ್ದು ಓದಿದರು. ಬೀದಿ ಅಮ್ಮನಿಗೆ ಪತ್ತೇದಾರಮ್ಮ ಎಂದು ಹೆಸರಿಟ್ಟಿತು.

ಮೊದಲ ಪುಸ್ತಕದ ಕೊಲೆಗಾರ್ತಿಗೆ ಕನ್ನಡಕದ ಅಂಗಡಿ ಇತ್ತು. ಎದುರಿಗಿದ್ದವರ ಕನ್ನಡಕ ಸೊಟ್ಟಗಿದ್ದರೆ ಹೇಳದೆ ಕೇಳದೆ ಎರಡು ಬೆರಳಲ್ಲಿ ಸರಿಮಾಡುವ ಚಾಳಿಯಿತ್ತು. ಫೋನೆತ್ತಿದರೆ ಮೊದಲ ಮಾತೇ "ಬೇಗ ಹೇಳು, ಗಿರಾಕಿ ಇದ್ದಾರೆ." ಸತ್ತುಬಿದ್ದವನ ಮೂಗಿನ ಮೇಲೆ ನೆಟ್ಟಗೆ ಕೂತಿದ್ದ ಕನ್ನಡಕವೇ ಕೊನೆಗೆ ಅವಳನ್ನು ಹಿಡಿದುಕೊಟ್ಟಿತು.

ಅಂಗಡಿಗೆ ಬಂದವರು ಕುರ್ಚಿಯಲ್ಲಿ ಕೂರುವ ಮುಂಚೆ ಕುತ್ತಿಗೆ ಮುಟ್ಟಿಕೊಂಡು ನಗತೊಡಗಿದಾಗ, ಮಗಳು ಪುಸ್ತಕ ಹಿಡಿದು ಅಮ್ಮನ ಮನೆಗೆ ಬಂದಳು.

"ನಾನು ನಿನ್ನ ಕಣ್ಣಿಗೆ ಕೊಲೆಗಾರ್ತಿ ಥರ ಕಾಣ್ತೀನಾ?"

"ಅಯ್ಯೋ, ಅದು ನೀನಲ್ವೇ."

"ಮತ್ಯಾರು? ಬೀದಿ ತುಂಬಾ ಕನ್ನಡಕದ ಅಂಗಡಿ ಇದಾವಾ?"

ಅಮ್ಮ ಪೆನ್ನು ಕೆಳಗಿಟ್ಟಳು. "ಹೊಸದಾಗಿ ಬರೀತಿದ್ದೆ. ಚೆನ್ನಾಗಿ ಗೊತ್ತಿದ್ದವಳು ನೀನೊಬ್ಬಳೇ. ಕೈ ತಾನಾಗೇ ಅಲ್ಲಿಗೆ ಹೋಯ್ತು."

"ಇನ್ಮೇಲೆ ನನ್ನನ್ನ ಬರೀಬೇಡ. ಒಳ್ಳೆಯವಳಾಗೂ ಬೇಡ, ಕೆಟ್ಟವಳಾಗೂ ಬೇಡ."

"ಆಯ್ತು," ಅಂದಳು ಅಮ್ಮ.

ಅಲ್ಲಿಂದಾಚೆಗೆ ಅವಳ ಕೊಲೆಗಾರರೆಲ್ಲ ಬರೀ ಕಲ್ಪನೆಯವರು. ಸಾಯುವವರು ಮಾತ್ರ ಬೀದಿಯವರು, ಅದೂ ಮನೆಗೆ ಹೋಗಿ ಒಪ್ಪಿಗೆ ಕೇಳಿದ ಮೇಲೆ. ಹೇಗೆ ಸಾಯಬೇಕೆಂದು ಅವರೇ ಹೇಳಬಹುದಿತ್ತು. ನಮ್ಮನ್ನು ಯಾವಾಗ ಸಾಯಿಸುತ್ತೀರಿ ಎಂದು ಜನರೇ ದುಂಬಾಲು ಬೀಳುವ ಹಾಗಾಯಿತು.

ಮಗಳಿಗೆ ಕೊಟ್ಟ ಮಾತನ್ನು ಅಮ್ಮ ಚಾಚೂ ತಪ್ಪದೆ ಪಾಲಿಸಿದಳು. ಮಗಳ ಕೋಪ ಎಂದೋ ಇಳಿದಿತ್ತು. ಹೊಸ ಪುಸ್ತಕ ಬಂದಾಗಲೆಲ್ಲ ಅಂಗಡಿಯ ಬಾಗಿಲು ಮುಂದೆ ಮಾಡಿಕೊಂಡು, ಪುಟ ಪುಟದಲ್ಲೂ ತನ್ನನ್ನು ಹುಡುಕುತ್ತಿದ್ದಳು. ಬೀದಿಯ ಬೆಕ್ಕು ಕೂಡ ಸಿಗುತ್ತಿತ್ತು, ತಾನು ಸಿಗುತ್ತಿರಲಿಲ್ಲ. ಆ ಮಾತು ವಾಪಸ್ ತಗೊಂಡೆ ಕಣಮ್ಮ ಎನ್ನಲು ನಾಲಿಗೆ ಏಳಲಿಲ್ಲ. ಇನ್ನು ಹೇಳಿದರೂ ಕೇಳುವವರಿಲ್ಲ. ಅಮ್ಮ ಬರೆದ ಊರಿನಲ್ಲಿ ತಾನು ಎಂದೆಂದಿಗೂ ಕೊಲೆಗಾರ್ತಿಯಾಗಿಯೇ ಉಳಿದಂತಾಯಿತು.

*

ಅಂತ್ಯಕ್ರಿಯೆ ಮುಗಿಸಿ ಎಲ್ಲರೂ ಮನೆಗೆ ಮರಳಿದಾಗ ಮಧ್ಯಾಹ್ನ. ಮಗಳು ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದಳು. ಅಮ್ಮನ ಪುಸ್ತಕಗಳನ್ನು ಹೊರತರುತ್ತಿದ್ದ ಪ್ರಕಾಶಕಿ ಬಂದು ಬಾಗಿಲಲ್ಲಿ ನಿಂತರು.

"ಇವತ್ತು ಕೇಳಬಾರದು. ಆದ್ರೆ ಇವತ್ತು ಬಿಟ್ರೆ ನಾನೂ ನಿಮ್ಮಮ್ಮನ ಥರಾನೇ ಮುಂದಕ್ಕೆ ಹಾಕ್ತಾ ಹೋಗ್ತೀನಿ. ಅವರ ಹೊಸ ಪುಸ್ತಕದಲ್ಲಿ ಒಂದು ತೊಂದರೆ ಇದೆ."

"ಏನು?"

"ಯಾರೂ ಸಾಯಲ್ಲ."

ಮಗಳು ತಿರುಗಿ ನೋಡಿದಳು.

"ಕನ್ನಡಕದ ಅಂಗಡಿಯವಳೊಬ್ಬಳು ನೆಲದ ಮೇಲೆ ಬಿದ್ದಿರ್ತಾಳೆ," ಅಂದರು ಪ್ರಕಾಶಕಿ. "ಸತ್ತೇಹೋದ್ಲು ಅಂತ ಬೀದಿಯೆಲ್ಲ ಸೇರುತ್ತೆ. ಅಷ್ಟರಲ್ಲಿ ಎದ್ದು ಕೂತು, ಬೇಗ ಹೇಳಿ, ಗಿರಾಕಿ ಇದ್ದಾರೆ ಅಂತಾಳೆ. ಕೊಲೆನೇ ಆಗದಿದ್ರೆ ಇಸ್ತ್ರಿ ಅಂಗಡಿ ಅಜ್ಜಿ ಹಿಡಿಯೋದು ಯಾರನ್ನ ಅಂತ ಕೇಳ್ದೆ. ಆಮೇಲೆ ಸಾಯೋ ಹಾಗೂ ಬರೆದುಕೊಟ್ರು. ಎರಡೂ ನನ್ನ ಹತ್ತಿರ ಇವೆ. ಮಗಳನ್ನ ಕೇಳದೆ ಸಾಯೋದನ್ನ ಮಾತ್ರ ಅಚ್ಚು ಹಾಕಬೇಡ ಅಂದಿದ್ರು."

"ನನ್ನನ್ನ ಕೇಳಲೇ ಇಲ್ವಲ್ಲ."

"ನಾಳೆ ಕೇಳ್ತೀನಿ, ನಾಳೆ ಕೇಳ್ತೀನಿ ಅಂತಿದ್ರು. ಭಯ ಅವರಿಗೆ. ನೀವು ಬೇಡ ಅಂದ್ಬಿಟ್ರೆ ಅಂತ."

ಮಗಳು ನಲ್ಲಿ ನಿಲ್ಲಿಸಿದಳು. ಬೆಳಗಿನಿಂದ ಬಾರದ ಅಳು ಈಗ ಬಂತು. ತೊಟ್ಟಿಯ ಅಂಚು ಹಿಡಿದು ಜೋರಾಗಿಯೇ ಅತ್ತಳು. ತಾನೂ ನಾಳೆ ನಾಳೆ ಎಂದೇ ಇಷ್ಟು ವರ್ಷ ಕಳೆದಿದ್ದಳು. ಪ್ರಕಾಶಕಿ ತೊಳೆದ ಲೋಟಗಳನ್ನು ಒರೆಸಿ ಬೋರಲು ಹಾಕುತ್ತಿದ್ದರು.

"ಹೇಗೆ ಸಾಯ್ತೀನಿ?" ಎಂದು ಕೊನೆಗೆ ಕೇಳಿದಳು.

"ಅದೊಂದು ಸಾಲು ಖಾಲಿ ಬಿಟ್ಟಿದ್ದಾರೆ. ನೀವೇ ಹೇಳಬೇಕಂತೆ."

"ಸಾಯೋದೇ ಹಾಕಿ."

"ಅವಸರ ಇಲ್ಲ. ಯೋಚನೆ ಮಾಡಿ ಹೇಳಿ."

"ಯೋಚನೆ ಮಾಡಿ ಆಗಿದೆ," ಅಂದಳು ಮಗಳು.

ಹಜಾರದ ಉದ್ದ ಸೋಫಾದಲ್ಲಿ ಔಷಧಿ ಅಂಗಡಿಯವರು, ಟೈಲರಮ್ಮ, ಮೇಷ್ಟ್ರು ಒಂದೇ ಸಾಲಿಗೆ ಕೂತಿದ್ದರು. ಗೊತ್ತಿದ್ದು ಮಾಡಿದ್ದೋ ಗೊತ್ತಿಲ್ಲದೆಯೋ, ಸತ್ತ ಕ್ರಮದಲ್ಲೇ ಕೂತಿದ್ದರು.

"ನನ್ನನ್ನೂ ಸಾಯಿಸಿದಾಳೆ," ಅಂದಳು ಮಗಳು ಅವರ ಮುಂದೆ ನಿಂತು. "ಹೊಸದರಲ್ಲಿ. ಹೇಗೆ ಅಂತ ನಾನು ಹೇಳಬೇಕಂತೆ."

ಯಾರೂ ನಗಲಿಲ್ಲ. ಔಷಧಿ ಅಂಗಡಿಯವರು ಮೊಣಕಾಲು ಸವರಿಕೊಂಡರು. "ಮೆಟ್ಟಿಲು ಬೇಡಮ್ಮ," ಅಂದರು. "ನನಗೆ ಈಗಲೂ ಇಳಿಯೋವಾಗ ಒಂಥರಾ ಆಗುತ್ತೆ."

ಮೇಷ್ಟ್ರು ತಮ್ಮ ಪಕ್ಕದಲ್ಲಿದ್ದ ಟೋಪಿಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಮೂವರೂ ಒಂದೊಂದು ಗೇಣು ಆಚೆಗೆ ಸರಿದರು. ಅವಳು ಒದ್ದೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಸಾಲಿನ ಕೊನೆಯಲ್ಲಿ ಕೂತಳು.