ಇನ್‌ಬೇ ಬರುವ ದಾರಿ

ಒಸಾಕಾದ ಕೊರಿಯನ್ನರ ಗಲ್ಲಿಯಲ್ಲಿ ಗುಟ್ಟೊಂದು ಉಳಿದದ್ದನ್ನು ಯಾರೂ ಕಂಡಿಲ್ಲ. ಒಂದು ಮನೆಯಲ್ಲಿ ಮೀನು ಹುರಿದರೆ ಹತ್ತು ಮನೆಯವರ ಬಾಯಲ್ಲಿ ನೀರೂರುತ್ತದೆ. ಅಂಥ ಗಲ್ಲಿಯಲ್ಲಿ ಜೊಂಗಿಮ್ ತನ್ನ ತಮ್ಮನ ವರ್ಷದ ತಿಥಿಯನ್ನು ಯಾರಿಗೂ ಸುಳಿವು ಸಿಗದಂತೆ ಮಾಡಿ ಮುಗಿಸುತ್ತೇನೆ ಅಂದುಕೊಂಡಿದ್ದಳು. ಓದಿದವರ ಬುದ್ಧಿ ಕೆಲವೊಮ್ಮೆ ಹೀಗೇ.

ಅವಳ ಊರು ದಕ್ಷಿಣ ಕೊರಿಯಾದ ಗ್ವಾಂಗ್ಜು. ಎರಡು ವರ್ಷದಿಂದ ಇಲ್ಲಿ ಔಷಧಶಾಸ್ತ್ರ ಓದುತ್ತಿದ್ದಾಳೆ, ಕಿಮ್ಚಿ ಉಪ್ಪಿನಕಾಯಿ ಮಾರುವ ಯಾಂಗ್ ಅಜ್ಜಿಯ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದಾಳೆ. ಹೋದ ವರ್ಷ, ಅಂದರೆ ಎಂಬತ್ತರ ಮೇ ತಿಂಗಳಲ್ಲಿ, ಒಂದು ಮಧ್ಯಾಹ್ನ ನೂಡಲ್ಸ್ ಅಂಗಡಿಯಲ್ಲಿ ಕೂತಿದ್ದಾಗ ಟೀವಿಯಲ್ಲಿ ತನ್ನೂರು ಕಂಡಿತು. ಮೊದಲು ಗುರುತು ಹತ್ತಿದ್ದು ಕಾರಂಜಿ. ಆಮೇಲೆ, ಅವಳೂ ತಮ್ಮ ಇನ್‌ಬೇಯೂ ಶಾಲೆ ಬಿಟ್ಟೊಡನೆ ನುಗ್ಗುತ್ತಿದ್ದ ಬೇಕರಿಯ ಬೋರ್ಡು. ಅದರ ಕೆಳಗೆ ಸೈನಿಕರು, ನಮ್ಮದೇ ದೇಶದ ಸೈನಿಕರು, ಕೈಕಟ್ಟಿದ ಹುಡುಗರನ್ನು ಜುಟ್ಟು ಹಿಡಿದು ಎಳೆಯುತ್ತಿದ್ದರು.

"ಎಲ್ಲಿಯ ಗಲಾಟೆಯೋ, ಊಟದ ಹೊತ್ತಲ್ಲಿ ಬೇಡಪ್ಪ," ಎಂದು ಅಂಗಡಿಯವನು ಬೇಸ್‌ಬಾಲ್ ಹಾಕಿದ.

"ತಿರುಗಿಸಿ ಹಾಕ್ರೀ! ಅದು ನಮ್ಮೂರು!" ಜೊಂಗಿಮ್ ಕಿರುಚಿದ ರಭಸಕ್ಕೆ ಬಟ್ಟಲು ಉರುಳಿ ಬಿತ್ತು. ಅವನು ಹೆದರಿ ಮತ್ತೆ ಹಾಕುವಷ್ಟರಲ್ಲಿ ಸುದ್ದಿ ಮುಗಿದು ಸಾಬೂನಿನ ಜಾಹೀರಾತು ಬರುತ್ತಿತ್ತು.

ಹದಿನೆಂಟು ವರ್ಷದ ಇನ್‌ಬೇ ಸೈನ್ಯದ ಆಳ್ವಿಕೆಗೆ ಎದುರಾಗಿ ಊರೇ ಎದ್ದು ನಿಂತ ಹತ್ತು ದಿನಗಳ ಕೊನೆಯ ನಸುಕಿನಲ್ಲಿ, ಪ್ರಾಂತ್ಯದ ಕಚೇರಿಯ ಕಟ್ಟಡದೊಳಗೆ ಗುಂಡು ತಗುಲಿ ಸತ್ತನೆಂದು ತಿಳಿಯಲು ಎರಡು ತಿಂಗಳು ಬೇಕಾಯಿತು. ಊರಿನ ಪತ್ರಿಕೆಗಳ ಪಾಲಿಗೆ ಅವನು ಬರೀ ದಂಗೆಕೋರ. ಹೆಸರೂ ಇಲ್ಲ.

ಈಗ ವರ್ಷ ತುಂಬಿತ್ತು. ಯಾರದೋ ಕೈಯಲ್ಲಿ ಅಮ್ಮ ಚೀಟಿ ಕಳಿಸಿದ್ದಳು: "ಸರ್ಕಾರದವರು ಇಲ್ಲಿ ತಿಥಿ ಮಾಡಲು ಬಿಡುವುದಿಲ್ಲ. ಆ ದಿನ ನಮ್ಮನ್ನೆಲ್ಲ ಬಸ್ಸು ಹತ್ತಿಸಿ ಬೆಟ್ಟ ತೋರಿಸಲು ಕರೆದುಕೊಂಡು ಹೋಗುತ್ತಾರಂತೆ. ನೀನು ಚೆನ್ನಾಗಿ ಓದು." ಮಗನನ್ನು ಕೊಂದವರು ತಾಯಿಗೆ ಬೆಟ್ಟ ತೋರಿಸುತ್ತಾರಂತೆ! ಜೊಂಗಿಮ್‌ಳ ಕೈ ಚೀಟಿಯನ್ನು ಮಡಚಿ ಪುಸ್ತಕದೊಳಗಿಟ್ಟಿತು. ತಾನು ಮಾಡದಿದ್ದರೆ ಅವನಿಗೆ ಹಿಡಿ ಅನ್ನ ಇಡುವವರು ಈ ಭೂಮಿಯ ಮೇಲೆ ಯಾರೂ ಇಲ್ಲ.

ಆದರೆ ಗಲ್ಲಿಯ ಬಾಯಲ್ಲೇ ಪ್ಯೋ ಇದ್ದ. ಇಲ್ಲಿಯ ಕೊರಿಯನ್ನರ ಸಂಘದ ಕಾರ್ಯದರ್ಶಿ, ಯಾವಾಗಲೂ ಬಿಳಿ ಅಂಗಿ. ಗಲ್ಲಿಯ ಮಾತನ್ನು ನಮ್ಮ ಸರ್ಕಾರದ ಕಚೇರಿಗೆ ಮುಟ್ಟಿಸುವುದರಲ್ಲಿ ಎತ್ತಿದ ಕೈ. ಹೋದ ವಾರ ದಾರಿಯಲ್ಲಿ ತಡೆದು ಹಲ್ಲು ಕಿರಿದಿದ್ದ: "ಏನಮ್ಮಾ, ಪಾಸ್‌ಪೋರ್ಟ್ ನವೀಕರಣ ಬರೋ ತಿಂಗಳಲ್ವಾ? ದಂಗೆಕೋರರ ಹೆಸರಲ್ಲಿ ದೀಪ ಗೀಪ ಹಚ್ಚೋರ ಅರ್ಜಿ ಎಲ್ಲೋ ಕಳೆದೇ ಹೋಗುತ್ತಂತೆ." ಅರ್ಜಿ ಕಳೆದುಹೋದರೆ ಓದು ಅಲ್ಲಿಗೆ ಮುಗಿಯಿತು. ಊರಿಗೆ ಮರಳಬೇಕು. ವಿಮಾನ ಇಳಿದೊಡನೆ ಎದುರುಗೊಳ್ಳುವವರು ನೆಂಟರಾಗಿರುವುದಿಲ್ಲ.

ಹಾಗಾಗಿ ಆ ಸಂಜೆ ಮಹಡಿ ಕೋಣೆಯ ಬಾಗಿಲು ಕಿಟಕಿ ಎಲ್ಲ ಮುಚ್ಚಿಕೊಂಡು ಎಡೆ ಇಡುತ್ತಿದ್ದಳು. ತಿಥಿಗೆ ಸರಿಯಾದ ಹೊತ್ತು ಮಧ್ಯರಾತ್ರಿಯೇ. ಆದರೆ ಬೆಳಗಾದರೆ ಕಾರ್ಖಾನೆಗೆ ಓಡಬೇಕಾದ ಈ ಗಲ್ಲಿಯವರು ಎಂದೋ ಅದನ್ನು ಸಂಜೆಗೆ ತಂದಿದ್ದರು. ಯಾಂಗ್ ಅಜ್ಜಿ ಮೂಲಂಗಿ ಸಾರಿನ ಪಾತ್ರೆ ಹಿಡಿದು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದವಳು ಎಡೆ ನೋಡಿ ಹೌಹಾರಿದಳು.

"ಅಯ್ಯೋ ಹುಚ್ಚುಮುಂಡೇದೇ, ತಮ್ಮನ್ನ ಕರೀತಿದ್ದೀಯೋ ಓಡಿಸ್ತಿದ್ದೀಯೋ? ಕೆಂಪು ಮೆಣಸಿನ ಕಿಮ್ಚಿ ಇಟ್ಟಿದ್ದೀಯಲ್ಲೇ! ಖಾರ ಕಂಡ್ರೆ ಸತ್ತೋರು ಹೊಸಲು ತುಳೀತಾರೇನೇ?"

"ಅದಂದ್ರೆ ಅವನಿಗೆ ಪ್ರಾಣ ಅಜ್ಜಿ."

"ಪ್ರಾಣ ಇದ್ದಾಗ," ಎಂದುಬಿಟ್ಟು ಅಜ್ಜಿ ನಾಲಿಗೆ ಕಚ್ಚಿಕೊಂಡಳು. ತಾನೇ ಆ ತಟ್ಟೆ ಎತ್ತಿ ಹೊರಗಿಟ್ಟಳು. "ಅದಿರಲಿ, ಬಾಗಿಲು ಯಾಕೆ ಮುಚ್ಚಿದ್ದೀಯ? ಯಾವ ಕಡೆಯಿಂದ ಬರಬೇಕು ಆ ಮಗು?"

"ಪ್ಯೋ ನೋಡ್ತಾನೆ ಅಜ್ಜಿ."

ಅಜ್ಜಿ ಎಡೆಯ ಎದುರು ಕೂತಳು. "ಜೇಜು ದ್ವೀಪದಲ್ಲಿ ನಮ್ಮದೇ ಸೈನಿಕರು ನಮ್ಮ ಹಳ್ಳೀನ ಸುಟ್ರಲ್ಲ, ಒಂದೇ ದಿನ ಎಷ್ಟು ಮನೇಲಿ ಹೆಣ ಬಿತ್ತು ಗೊತ್ತಾ? ನನ್ನ ಗಂಡ, ನನ್ನ ಭಾವ, ಇಬ್ಬರೂ. ದೋಣೀಲಿ ಅಡಗಿ ಇಲ್ಲಿಗೆ ಬಂದೆ. ಮೂವತ್ತಮೂರು ವರ್ಷ ಬಾಗಿಲು ಮುಚ್ಚಿಕೊಂಡೇ ತಿಥಿ ಮಾಡಿದೀನಿ. ಕಾಯಿಲೆ ಬಂದು ಹೋದ ಅಂತ ಊರಿಗೆಲ್ಲ ಸುಳ್ಳು ಹೇಳಿದೀನಿ. ಅವರು ಬಂದು ಉಂಡರೋ, ಮುಚ್ಚಿದ ಬಾಗಿಲು ನೋಡಿ ಹೊರಟೇಹೋದರೋ, ಇವತ್ತಿಗೂ ಗೊತ್ತಿಲ್ಲ ಕಣೇ."

ಜೊಂಗಿಮ್ ಎದ್ದು ಎಡೆಯ ಮೇಜನ್ನು ಎತ್ತಿಕೊಂಡಳು. ಒಂದು ತುದಿ ಅವಳು, ಇನ್ನೊಂದು ಅಜ್ಜಿ. ಕೆಳಗಿನ ಕೋಣೆಗೆ ತಂದು, ಗಲ್ಲಿಗೆ ತೆರೆಯುವ ಬಾಗಿಲಿಗೆ ಎದುರಾಗಿ ಇಟ್ಟು, ಬಾಗಿಲನ್ನು ಗೋಡೆಗೆ ತಾಗುವಷ್ಟು ಸರಿಸಿದರು.

ಹೊರಗೆ ನೋಡಿದರೆ ಈ ಗೋಡೆಯಿಂದ ಆ ಗೋಡೆಗೆ ಬರೀ ಬಟ್ಟೆಹಗ್ಗ. ತಿಥಿಯ ದಿನ ಹಗ್ಗ ಬಿಚ್ಚದಿದ್ದರೆ ಬರುವವರ ಕೊರಳಿಗೆ ಸುತ್ತಿಕೊಳ್ಳುತ್ತದೆ ಎಂಬುದು ನಮ್ಮ ಕೊರಿಯನ್ನರಲ್ಲಿ ಹಾಲುಗಲ್ಲದ ಮಕ್ಕಳಿಗೂ ಗೊತ್ತು.

"ಬಟ್ಟೆ ತೆಗೀರೇ ಎಲ್ಲರೂ! ಮನೇಲಿ ತಿಥಿ!" ಅಜ್ಜಿ ಕೂಗಿದಳು.

ಎದುರುಮನೆಯ, ಚಪ್ಪಲಿ ಹೊಲಿಯುವ ಹೆಂಗಸು ಇಣುಕಿದಳು. "ಯಾರದ್ದಜ್ಜೀ? ನಿಮ್ಮ ಯಜಮಾನ್ರದ್ದು ಚಳಿಗಾಲದಲ್ಲಲ್ವಾ?"

ಅಜ್ಜಿ ಜೊಂಗಿಮ್ ಕಡೆ ನೋಡಿದಳು. ಒಂದು ಸುಳ್ಳು ಹೇಳಿದ್ದರೆ ಪಾಸ್‌ಪೋರ್ಟೂ ಉಳಿಯುತ್ತಿತ್ತು, ತಿಥಿಯೂ ನಡೆಯುತ್ತಿತ್ತು.

"ನನ್ನ ತಮ್ಮಂದು," ಎಂದಳು ಜೊಂಗಿಮ್. "ಗ್ವಾಂಗ್ಜುನಲ್ಲಿ ಸತ್ತ." ಆ ಮಾತು ಅವಳಿಗೇ ಒಗ್ಗಲಿಲ್ಲ. ಇನ್ನಷ್ಟು ಜೋರಾಗಿ ಹೇಳಿದಳು: "ಸತ್ತದ್ದಲ್ಲ. ಕೊಂದರು."

ಮನೆಮನೆಯ ಚಪ್ಪಲಿ ಹೊಲಿಯುವ ಯಂತ್ರಗಳ ಸದ್ದು ನಿಂತಿತು. ಎದುರುಮನೆಯವಳು ಒಳಗೆ ಹೋದಳು. ಹೆದರಿ ಹೋದಳೇನೋ ಅಂದುಕೊಳ್ಳುವಷ್ಟರಲ್ಲಿ ಬುಟ್ಟಿ ಹಿಡಿದು ಹೊರಬಂದು ಮಗುವಿನ ಬಟ್ಟೆಗಳನ್ನು ಎಳೆದೆಳೆದು ತುಂಬಿ ಹಗ್ಗ ಬಿಚ್ಚಿದಳು. ಪಕ್ಕದವರು ಬಿಚ್ಚಿದರು. ಅವರ ಪಕ್ಕದವರೂ ಬಿಚ್ಚಿದರು. ಹಗ್ಗ ಬಿಚ್ಚಿದ ಕಡೆಯೆಲ್ಲ ಆಕಾಶ ಕಾಣತೊಡಗಿತು.

ಉಳಿದದ್ದು ಒಂದೇ. ಗಲ್ಲಿಯ ಬಾಯಿಗೆ ಅಡ್ಡಲಾಗಿ ನಾಲ್ಕು ಬಿಳಿ ಅಂಗಿ. ಅದರ ಕೆಳಗೆ ಪ್ಯೋ.

ಜೊಂಗಿಮ್ ಅಲ್ಲಿಯವರೆಗೆ ನಡೆದಳು.

"ಹಗ್ಗ ಬಿಚ್ಚಿ."

"ಇನ್ನೂ ಒದ್ದೆ ಇದೆ," ಅಂದ ಪ್ಯೋ. ತಗ್ಗಿದ ದನಿಯಲ್ಲಿ ಸೇರಿಸಿದ, "ಪಾಸ್‌ಪೋರ್ಟ್ ನೆನಪಿದೆ ತಾನೇ?"

"ಇದೆ."

ಅವಳು ಕ್ಲಿಪ್ಪು ತೆಗೆದು ಮೊದಲ ಅಂಗಿಯನ್ನು ಅವನ ತೋಳಿನ ಮೇಲೆ ಹಾಕಿದಳು. ಎರಡನೆಯದು. ಮೂರನೆಯದು. ನಾಲ್ಕನೆಯದರ ನೀರು ಅವನ ಬೂಟಿನ ಮೇಲೆ ತೊಟ್ಟಿಕ್ಕಿತು. ಗಂಟು ಬಿಗಿಯಾಗಿತ್ತು, ಹಲ್ಲಿನಿಂದ ಕಚ್ಚಿ ಬಿಚ್ಚಿದಳು.

"ನನ್ನ ಹೆಸರು ನಿಮಗೆ ಗೊತ್ತು, ಬರ್ಕೊಳ್ಳಿ. ಅವನದ್ದೂ ಬರ್ಕೊಳ್ಳಿ. ಸೊನ್ ಇನ್‌ಬೇ. ಹದಿನೆಂಟು ವರ್ಷ. ಊರಲ್ಲಿ ಯಾವ ಪತ್ರಿಕೇಲೂ ಅವನ ಹೆಸರು ಬರಲಿಲ್ಲ, ನಿಮ್ಮ ವರದೀಲಾದ್ರೂ ಬರಲಿ. ತಪ್ಪಿಲ್ಲದೆ ಬರೀರಿ."

ಪ್ಯೋನ ಬೆನ್ನಿಗೆ ಬೀದಿ, ಮುಂದೆ ಇಡೀ ಗಲ್ಲಿ ಬುಟ್ಟಿ ಹಿಡಿದು ನಿಂತಿತ್ತು.

"ಪಕ್ಕಕ್ಕೆ ಸರೀರಿ," ಎಂದಳು ಜೊಂಗಿಮ್. "ಅವನು ಬರೋ ದಾರೀಲಿ ನಿಂತಿದ್ದೀರಿ."

ಪ್ಯೋ ಸರಿದು ನಿಂತ.