ನೊರೆಯ ಗೆರೆ

“ಬಟ್ಟೆ ತಾಗಿಸಬೇಡಿ ಮೇಷ್ಟ್ರೇ.”

ಒರೆಸಲು ಎತ್ತಿದ್ದ ಬಿಯರ್ ಗ್ಲಾಸನ್ನು ಅವನು ಕೆಳಗಿಟ್ಟ. ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಹೇಳುವವನಿಗೆ ತನ್ನದೇ ಅಡುಗೆಮನೆಯಲ್ಲಿ ಪಾಠ. ಹೇಳುತ್ತಿದ್ದವರು ಹೆಂಡತಿಯ ಅಣ್ಣ, ಇಪ್ಪತ್ತು ವರ್ಷ ಬಾರಿನಲ್ಲಿ ದುಡಿದವರು.

ಹೆಂಡತಿಗೆ ದೂರದ ಊರಿಗೆ ವರ್ಗವಾಗಿತ್ತು. ಜೊತೆಗೆ ಹೋಗಿ ಬಿಟ್ಟುಬರಲು ಅಣ್ಣ ಬಂದಿದ್ದರು. ವರ್ಗ ಬೇಡವೆಂದು ಬರೆದುಕೊಡಲು ಇವತ್ತು ಸಂಜೆಯವರೆಗೆ ಅವಕಾಶವಿತ್ತು. ಗಂಡ ಬಾಯಿಬಿಟ್ಟು ಹೋಗಬೇಡ ಅಂದರೆ ಸಾಕು, ಬರೆದುಕೊಡಲು ಅವಳು ತಯಾರಿದ್ದಳು. ಅದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು.

“ಒರೆಸಿದ್ರೆ ಹೊಳೆಯತ್ತಲ್ಲ, ಭಾವ?”

“ಹೊಳೆಯತ್ತೆ. ಜಿಡ್ಡೂ ಹೊಳೆಯತ್ತೆ.”

ಭಾವ ಪಾತ್ರೆ ತಿಕ್ಕುವ ಸ್ಪಂಜನ್ನು ಅತ್ತ ಸರಿಸಿ ಹೊಸದೊಂದನ್ನು ಬಿಚ್ಚಿದರು. ಬಿಸಿನೀರು, ಚಿಟಿಕೆ ಅಡುಗೆ ಸೋಡಾ. ಮೊದಲು ತುಟಿ ತಾಗುವ ಅಂಚು, ಆಮೇಲೆ ತಳ. ಮೂರು ಸಲ ತಣ್ಣೀರಲ್ಲಿ ಜಾಲಾಡಿಸಿ, ನೀರು ತುಂಬಿ ಚೆಲ್ಲಿ, ಬೆಳಕಿಗೆ ಹಿಡಿದರು.

“ನೋಡಿ, ಇಲ್ಲಿ ನೀರು ಹನಿಹನಿಯಾಗಿ ಒಡೀತು. ಇನ್ನೂ ಜಿಡ್ಡಿದೆ.”

ಮತ್ತೆ ತೊಳೆದರು. ಈ ಸಲ ನೀರು ಒಂದೇ ಪದರವಾಗಿ ಇಳಿಯಿತು. ಗಾಳಿಯಾಡಲೆಂದು ತಂತಿಯ ಸ್ಟ್ಯಾಂಡಿನ ಮೇಲೆ ಬೋರಲು ಹಾಕಿದರು.

ಅವನಿಗೆ ಹೊಟ್ಟೆಕಿಚ್ಚಾಗುವಷ್ಟು ಮೆಚ್ಚುಗೆಯಾಯಿತು. ಆ ದಪ್ಪ ಬೆರಳುಗಳಲ್ಲಿ ಅವಸರವಿಲ್ಲ, ಅನುಮಾನವಿಲ್ಲ. ‘ನಿರ್ಲೇಪ’ ಎಂಬ ಒಂದು ಪದದ ಮೇಲೆ ಅವನು ಮುನ್ನೂರು ಪುಟ ಬರೆದು ಡಾಕ್ಟರೇಟು ಗಿಟ್ಟಿಸಿದ್ದ. ಏನೂ ಅಂಟದ ವಸ್ತುವನ್ನು ಕಣ್ಣಾರೆ ಕಂಡದ್ದು ಮಾತ್ರ ಇವತ್ತೇ.

“ಇಷ್ಟು ತಾಳ್ಮೆ ಎಲ್ಲಿಂದ ಬಂತು ಭಾವ?”

“ಕುಡಿಯೋರು ಎದುರಿಗೇ ಕೂತಿರ್ತಾರಲ್ಲ,” ಎಂದರು ಭಾವ.

ಉಳಿದ ಗ್ಲಾಸುಗಳನ್ನೂ ಹೀಗೇ ತೊಳೆದು, ಎಲ್ಲ ಒಣಗಿದ ಮೇಲೆ ಮೂವರೂ ಮೇಜಿನ ಸುತ್ತ ಕೂತರು. ಭಾವ ಗ್ಲಾಸು ಓರೆ ಮಾಡಿ ಬಿಯರ್ ಬಗ್ಗಿಸಿದರು. ಎರಡು ಬೆರಳೆತ್ತರ ನೊರೆ ನಿಂತಿತು.

ಅವಳು ಒಂದು ಗುಟುಕು ಕುಡಿದು ಗ್ಲಾಸು ಕೆಳಗಿಟ್ಟಳು.

“ನಾಳೆ ಆರು ಗಂಟೆಗೇ ಬಸ್ಸಂತೆ.”

“ಹೌದಾ.”

ಇನ್ನೊಂದು ಗುಟುಕು.

“ಆಫೀಸು ಐದಕ್ಕೆ ಮುಚ್ಚುತ್ತೆ.”

“ಇನ್ನೂ ಮೂರೂವರೆ.”

ಅವಳು ಮತ್ತೆ ಕುಡಿದಳು.

“ನೀವೇನಂತೀರಿ?”

ಹೋಗಬೇಡ. ಮಾತು ನಾಲಗೆಯ ತುದಿಗೆ ಬಂದಿತ್ತು. ಹೇಳಿದರೆ ತಾನು ಅವಳಿಗೆ ಅಂಟಿಕೊಂಡವನೆಂದು ಒಪ್ಪಿದ ಹಾಗೆ.

“ನಾನೇನನ್ನಲಿ? ನಿನ್ನಿಷ್ಟ,” ಎಂದ. ನಂತರ, “ನೊರೆ ನೋಡು, ಎಷ್ಟು ಚೆನ್ನಾಗಿ ನಿಂತಿದೆ.”

ಭಾವ ತಲೆ ತಗ್ಗಿಸಿದರು. ಅವಳು ನಿಧಾನವಾಗಿ, ನಡುನಡುವೆ ಅವನ ಮುಖ ನೋಡುತ್ತ, ಕುಡಿದು ಮುಗಿಸಿದಳು. ಎದ್ದು ಕೋಣೆಗೆ ಹೋದಳು. ಸೂಟ್‌ಕೇಸಿನ ಜಿಪ್ಪೆಳೆದ ಸದ್ದು ಕೇಳಿಸಿತು.

ಅವಳ ಖಾಲಿ ಗ್ಲಾಸಿನ ಒಳಗೋಡೆಗೆ ಬಿಳಿಯ ಬಳೆಗಳ ಹಾಗೆ ನೊರೆ ಅಂಟಿತ್ತು.

“ಇದೇನು ಭಾವ? ಸರಿಯಾಗಿ ತೊಳೆದಿರಲಿಲ್ವಾ?”

“ಸರಿಯಾಗಿ ತೊಳೆದ್ರೇನೇ ಹೀಗೆ ನಿಲ್ಲೋದು ಮೇಷ್ಟ್ರೇ. ಒಂದೊಂದು ಗುಟುಕಿಗೂ ಒಂದೊಂದು ಗೆರೆ.”

ಅವನು ಎಣಿಸಿದ. ಏಳು. ಏಳು ಸಲ ಅವಳು ಕುಡಿದು, ಕೆಳಗಿಟ್ಟು, ಕಾದಿದ್ದಳು.

ಅವನ ಗ್ಲಾಸು ತುಂಬಿಯೇ ಇತ್ತು. ನೊರೆ ಪೂರ್ತಿ ಇಳಿದುಹೋಗಿತ್ತು. ಗಾಜಿನ ಮೇಲೆ ಒಂದು ಗೆರೆಯೂ ಇರಲಿಲ್ಲ.