ಐದು ಆಂಪಿಯರಿನ ಉತ್ತರ

ರಿಪೇರಿ ಅಂಗಡಿಯಲ್ಲಿ ಮೊದಲಿನಿಂದಲೂ ಒಂದೇ ಪದ್ಧತಿ. ಗಂಡ ತಂತಿ ಜೋಡಿಸಿ ಸ್ವಿಚ್ಚು ಒತ್ತಬೇಕು, ಹೆಂಡತಿ ಎರಡು ಮೀಟರುಗಳ ಮುಳ್ಳು ನೋಡಿ ವೋಲ್ಟು, ಆಂಪಿಯರು ಓದಬೇಕು. ಅವಳು ಬಾಯಿ ಮುಚ್ಚುವುದರೊಳಗೆ ಅವನು ಓಮು, ವ್ಯಾಟು ಎರಡನ್ನೂ ಹೇಳಿಬಿಡುತ್ತಿದ್ದ. ಕಾಗದವಿಲ್ಲ, ಪೆನ್ಸಿಲಿಲ್ಲ. ಅವನನ್ನು ಎಲ್ಲರೂ ಕರೆಯುತ್ತಿದ್ದದ್ದೇ ಲೆಕ್ಕದಣ್ಣ ಎಂದು. ಉಪ್ಪು ಸಾಕಾ ಎಂದು ಕೇಳಿದರೂ ದಶಾಂಶ ಸೇರಿಸಿ ಉತ್ತರ ಕೊಡುವ ಆಸಾಮಿ.

ಲಕ್ವ ಹೊಡೆದು ಹಾಸಿಗೆ ಹಿಡಿದವನು ಅಂಗಡಿಗೆ ಮರಳಿದ ಮೊದಲ ದಿನ ಅದು. ಬಲಗೈ ಇನ್ನೂ ಮಾತು ಕೇಳುತ್ತಿರಲಿಲ್ಲ. "ಕೈ ಹೋದ್ರೆ ಹೋಗ್ಲಿ, ತಲೆ ಇದೆಯಲ್ಲ" ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಅದೊಂದು ಉಳಿದಿದ್ದರೆ ಸಾಕು ಎಂದು ಅವಳೂ ಜೀವ ಬಿಗಿಹಿಡಿದು ಕಾದಿದ್ದಳು.

ಹೆರಿಗೆ ಆಸ್ಪತ್ರೆಯ ನರ್ಸಮ್ಮ ಉಪಕರಣ ಕುದಿಸುವ ಡಬ್ಬಕ್ಕಾಗಿ ಬಂದು ಕೂತಿದ್ದರು. ಸುಟ್ಟ ಕಾಯಿಲ್ ತೆಗೆದು ಬೇರೆಯದು ಹಾಕಿಯಾಗಿತ್ತು. ಅದರ ಮೇಲೆ ವ್ಯಾಟಿನ ಗುರುತೇ ಇರಲಿಲ್ಲ. ಅವನು ಎಡಗೈಯಿಂದ ಸ್ವಿಚ್ಚು ಒತ್ತಿದ.

"ಇನ್ನೂರ ಮೂವತ್ತು ವೋಲ್ಟು. ಹತ್ತು ಆಂಪಿಯರು" ಎಂದಳು.

"ನಲವತ್ತಾರು ಓಮು. ಸಾವಿರದ ನೂರೈವತ್ತು ವ್ಯಾಟು."

ನರ್ಸಮ್ಮನ ಮುಖ ಅರಳಿತು. "ಅಬ್ಬಾ, ತಲೆ ಹಾಗೇ ಇದೆ ನೋಡಿ! ಹಾಗಾದ್ರೆ ಬಾಣಂತಿಯರ ಕೋಣೆಯ ಸಣ್ಣ ಪ್ಲಗ್ಗಿಗೇ ಹಾಕಬಹುದಲ್ವಾ ಅಣ್ಣ?"

"ಧಾರಾಳವಾಗಿ."

ಹೆಂಡತಿ ಮತ್ತೊಮ್ಮೆ ಮುಳ್ಳು ನೋಡಿದಳು. ಹತ್ತೇ ಇತ್ತು. ಅವನು ಹೇಳಿದ್ದು ಐದು ಆಂಪಿಯರಿನ ಉತ್ತರ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಓಮು, ಎರಡನ್ನೂ ಗುಣಿಸಿದರೆ ವ್ಯಾಟು. ಅವನು ಭಾಗಿಸಿಯೂ ಇರಲಿಲ್ಲ, ಗುಣಿಸಿಯೂ ಇರಲಿಲ್ಲ. ವರ್ಷಗಟ್ಟಲೆ ನಾಲಿಗೆಗೆ ರೂಢಿಯಾದದ್ದನ್ನು ಒಪ್ಪಿಸಿದ್ದ, ಅಷ್ಟೆ.

"ಐದಲ್ಲ ರೀ, ಹತ್ತು."

"ಅದೇ ಹೇಳಿದ್ನಲ್ಲ, ನಲವತ್ತಾರು."

ಅವನ ಮುಖದಲ್ಲಿ ಅನುಮಾನದ ಸುಳಿವೂ ಇರಲಿಲ್ಲ. ನರ್ಸಮ್ಮನನ್ನು ಆಮೇಲೆ ಬಾಗಿಲಾಚೆ ಕರೆದು ಹೇಳಿದರಾಯಿತು ಎಂದು ಅವಳಿಗೆ ಅನಿಸಿತು. ಆದರೆ ನಾಳೆ ಇನ್ನೊಬ್ಬರು, ನಾಡಿದ್ದು ಮತ್ತೊಬ್ಬರು. ಎಷ್ಟು ಜನರ ಹಿಂದೆ ಓಡುವುದು?

"ಇಪ್ಪತ್ತಮೂರು ಓಮು" ಎಂದಳು. "ಎರಡು ಸಾವಿರದ ಮುನ್ನೂರು ವ್ಯಾಟು. ಸಣ್ಣ ಪ್ಲಗ್ಗಿಗೆ ಹಾಕಿದ್ರೆ ಗೋಡೆಯೊಳಗಿನ ವೈರೇ ಸುಟ್ಟುಹೋಗುತ್ತೆ. ದೊಡ್ಡ ಪ್ಲಗ್ಗೇ ಬೇಕು."

ಆ ಅಂಗಡಿಯಲ್ಲಿ ಅವಳು ಉತ್ತರ ಹೇಳಿದ್ದು ಅದೇ ಮೊದಲು. ನರ್ಸಮ್ಮ ತಲೆ ತಗ್ಗಿಸಿ, ಡಬ್ಬ ಎತ್ತಿಕೊಂಡು ಹೊರಟುಹೋದರು.

ಅವನ ತುಟಿ ಅಲುಗಾಡುತ್ತಿತ್ತು. "ಇನ್ನೂರ ಮೂವತ್ತು... ಹತ್ತರಿಂದ..." ಲೆಕ್ಕ ಅಲ್ಲಿಗೇ ನಿಂತಿತು. "ಒಂದು ಸೊನ್ನೆ ತೆಗೆಯೋ ಲೆಕ್ಕ ಕಣೇ ಇದು. ಮಕ್ಕಳು ಮಾಡ್ತಾರೆ." ಅವಳಿಗೆ ಅಳು ತಡೆಯಲಾಗಲಿಲ್ಲ.

ಅವನು ತನ್ನ ಸ್ಟೂಲನ್ನು ಎಡಗೈಯಲ್ಲಿ ಎಳೆದು ಮೀಟರುಗಳ ಎದುರಿಗೆ, ಅವಳ ಜಾಗದಲ್ಲಿ ಕೂತ. ಸರದಿಯಲ್ಲಿ ಒಂದು ಇಸ್ತ್ರಿ ಪೆಟ್ಟಿಗೆ ಕಾದಿತ್ತು.

"ಸ್ವಿಚ್ಚು ನೀನು ಒತ್ತು" ಎಂದ.

ಒತ್ತಿದಳು. ಅವನು ಬಗ್ಗಿ, ಒಂದೊಂದೇ ಮುಳ್ಳನ್ನು ದಿಟ್ಟಿಸಿ ಓದಿದ. "ಇನ್ನೂರ ಮೂವತ್ತು. ಎರಡು."

"ನೂರ ಹದಿನೈದು ಓಮು. ನಾನೂರ ಅರವತ್ತು ವ್ಯಾಟು. ಸರಿ ಇದೆಯಾ ರೀ?" ಅಭ್ಯಾಸಬಲದಿಂದ ಕೇಳಿಬಿಟ್ಟಳು.

"ಗೊತ್ತಿಲ್ಲ ಕಣೇ" ಎಂದ ಲೆಕ್ಕದಣ್ಣ. "ಮುಂದಿನದು ಜೋಡಿಸು, ಓದ್ತೀನಿ."